ಮಾಯದ ಗುಳ್ಳೆ

ಪದಗಳ ಮೂಲವನ್ನು ಹೇಳಿಕೊಡುವುದು ನನ್ನ ಕಸುಬು. ಆದರೆ ಒಂದು ಪದದ ಅರ್ಥವನ್ನು ಮೈಯಿಂದಲೇ ಕಲಿಯಬೇಕಾದೀತೆಂದು ಎಣಿಸಿರಲಿಲ್ಲ. ‘ಪೆಂಫಿಗಸ್’ ಎಂಬುದು ಆ ಪದ. ಗ್ರೀಕಿನಲ್ಲಿ ಅದರ ಮೂಲಕ್ಕೆ ಗುಳ್ಳೆಯೆಂದೇ ಅರ್ಥ.

ಮೊದಲು ಬಂದದ್ದು ಬಾಯಿಹುಣ್ಣು. ಉಷ್ಣವೆಂದರು ಮನೆಯವರು. ಎಳನೀರು, ಮಜ್ಜಿಗೆ, ಬಸಳೆಸೊಪ್ಪು ಎಲ್ಲವೂ ಆದುವು. ಅಂಗಡಿಯ ಜೀವಸತ್ವದ ಗುಳಿಗೆಗಳೂ ಮುಗಿದುವು. ನಾಲ್ಕು ತಿಂಗಳು ಹೀಗೆಯೇ ಕಳೆದುವು. ಸಾರನ್ನ ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಗದುಗಿನ ಭಾರತದ ಪದ್ಯಗಳನ್ನು ನಾನು ಓದಲಾರದೆ ಹುಡುಗರಿಂದ ಓದಿಸುತ್ತಿದ್ದೆ. ಬಳಿಕ ಎದೆಬೆನ್ನುಗಳ ಮೇಲೆ ಸಡಿಲವಾದ ಗುಳ್ಳೆಗಳೆದ್ದು, ಒಡೆದು, ಮಾಯದೆ ಹಸಿಯಾಗಿಯೇ ಉಳಿದುವು. ಸರ್ಪಸುತ್ತೆಂದರು ಒಬ್ಬರು, ನಾಗದೋಷವೆಂದರು ಇನ್ನೊಬ್ಬರು. ಅಂಟುರೋಗವೆಂದು ಬಗೆದು ಕುರ್ಚಿಯನ್ನು ದೂರ ಸರಿಸಿದವರೂ ಉಂಟು.

ಕೊನೆಗೆ ಚರ್ಮವೈದ್ಯರೊಬ್ಬರು ಗುಳ್ಳೆಯ ಬದಿಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಉಜ್ಜಿದರು, ಮೇಲ್ಪದರ ಜಾರಿತು. ರಷ್ಯದ ನಿಕೋಲ್ಸ್ಕಿ 1896ರಲ್ಲಿ ವಿವರಿಸಿದ ಲಕ್ಷಣವದು. ಆದರೆ ಅದೊಂದೇ ಸಾಕ್ಷ್ಯ ಸಾಲದು. ಚರ್ಮದ ಎರಡು ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಒಂದರಲ್ಲಿ ಜೀವಕೋಶಗಳು ಒಂದರಿಂದೊಂದು ಬಿಡಿಸಿಕೊಂಡಿದ್ದುವು. ಹೊಳೆಯುವ ಬಣ್ಣ ಹಾಕಿ ನೋಡಿದ ಇನ್ನೊಂದರಲ್ಲಿ, ಅವುಗಳ ಸುತ್ತ ಪ್ರತಿಕಾಯಗಳು ಹಸುರು ಬಲೆಯಂತೆ ಮಿನುಗಿದುವು. 1964ರಲ್ಲಿ ಬ್ಯೂಟ್ನರ್, ಜೋರ್ಡನ್ ಎಂಬಿಬ್ಬರು ಮೊದಲಿಗೆ ಗುರುತಿಸಿದ ಪ್ರತಿಕಾಯಗಳಿವು. ಚರ್ಮದ ಕೋಶಗಳನ್ನು ಗಾರೆಯಂತೆ ಬೆಸೆದಿರುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನನ್ನು ದೇಹದ ಕಾವಲುಪಡೆಯೇ ಹಗೆಯೆಂದು ಭ್ರಮಿಸಿ ಕೆಡಹುವುದು ಈ ರೋಗದ ಬಗೆ. ಇದು ಅಂಟುವುದಿಲ್ಲ, ಯಾವ ಪಾಪದ ಫಲವೂ ಅಲ್ಲ. ಆ ಮಾತನ್ನು ಕೇಳಿದಾಗಲೇ ನನ್ನ ಅರ್ಧ ನೋವು ಇಳಿಯಿತು.

1950ರ ದಶಕದಲ್ಲಿ ಸ್ಟೀರಾಯ್ಡ್ ಔಷಧಗಳು ಬರುವ ಮುನ್ನ ಈ ರೋಗ ಹಿಡಿದವರಲ್ಲಿ ಬಹುಮಂದಿ ಉಳಿಯುತ್ತಿರಲಿಲ್ಲ. ತೆರೆದ ಹುಣ್ಣುಗಳ ಮೂಲಕ ಸೋಂಕು ಒಳನುಗ್ಗುತ್ತಿತ್ತು. 1980ರ ದಶಕದಲ್ಲಿ ದೆಹಲಿಯ ಡಾ. ಪಸ್ರಿಚಾ ತಿಂಗಳಿಗೊಮ್ಮೆ ರಕ್ತನಾಳದ ಮೂಲಕ ಔಷಧವನ್ನು ಕೊಡುವ ಕ್ರಮವನ್ನು ಬಳಕೆಗೆ ತಂದರು. ಪ್ರತಿಕಾಯಗಳ ಹುಟ್ಟನ್ನೇ ತಡೆಯುವ ರಿಟುಕ್ಸಿಮಾಬಿಗೆ 2018ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆಂದು ಅನುಮತಿ ದೊರೆಯಿತು. ನನಗೂ ಅದನ್ನೇ ಎರಡು ವಾರಗಳ ಅಂತರದಲ್ಲಿ ಎರಡು ಸಲ ಕೊಟ್ಟು, ಜೊತೆಗೆ ಸ್ಟೀರಾಯ್ಡನ್ನೂ ನುಂಗಿಸಿದರು. ಮುಖ ಊದಿತು, ಸಕ್ಕರೆ ಏರಿತು. ಆದರೂ ಗುಳಿಗೆಯನ್ನು ತಟ್ಟನೆ ನಿಲ್ಲಿಸಲಾಗದು. ವೈದ್ಯರ ಲೆಕ್ಕದಂತೆ ಮೆಲ್ಲನೆ ಇಳಿಸಬೇಕು.

ರೋಗ ಮರಳೀತೆಂಬ ಎಚ್ಚರ ಇಂದಿಗೂ ನನ್ನೊಡನಿದೆ. ವಾಚಕರಲ್ಲಿ ನನ್ನ ಬಿನ್ನಹ ಇಷ್ಟೆ: ಎರಡು ಮೂರು ವಾರಗಳಾದರೂ ಮಾಯದ ಬಾಯಿಹುಣ್ಣನ್ನು ಉಷ್ಣದ ತಲೆಗೆ ಕಟ್ಟದಿರಿ. ಮೊನ್ನೆ ತರಗತಿಯಲ್ಲಿ ಪುಸ್ತಕ ತೆರೆದಾಗ ಹುಡುಗನೊಬ್ಬ ಅಭ್ಯಾಸದಂತೆ ಓದಲು ಎದ್ದು ನಿಂತ. ಕುಳ್ಳಿರಲು ಸನ್ನೆಮಾಡಿ, ನಾನೇ ಓದಿದೆ.