ಕಡಲಕಳೆಯ ತಿಳಿನೀರಿನಲ್ಲಿ ಅಡಗಿದ್ದ ರುಚಿ

ನಾಲಿಗೆ ಗುರುತಿಸುವ ಮೂಲ ರುಚಿಗಳು ನಾಲ್ಕೇ: ಸಿಹಿ, ಹುಳಿ, ಉಪ್ಪು, ಕಹಿ. ಸುಮಾರು ನೂರಿಪ್ಪತ್ತು ವರ್ಷಗಳ ಹಿಂದಿನ ವಿಜ್ಞಾನಿಗಳು ಹೀಗೆ ನಂಬಿದ್ದರು. (ಖಾರ ಈ ಲೆಕ್ಕದಲ್ಲಿಲ್ಲ, ವಿಜ್ಞಾನದ ಪ್ರಕಾರ ಅದು ರುಚಿಯಲ್ಲ, ಉರಿಯ ಅನುಭವ.) ಟೋಕಿಯೊದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕಿಕುನಾಯೆ ಇಕೆಡ ಅವರಿಗೆ ಮಾತ್ರ ಈ ಲೆಕ್ಕ ಸರಿಹೋಗಲಿಲ್ಲ. ಮನೆಯ ಊಟದಲ್ಲಿ ದಿನವೂ ಸಿಗುವ ತಿಳಿಸಾರಿನ ರುಚಿ ಈ ನಾಲ್ಕರಲ್ಲಿ ಯಾವುದೂ ಅಲ್ಲ. ಆದರೂ ಒಂದು ಗುಟುಕು ಕುಡಿದರೆ ಬಾಯಿ ತುಂಬಿದಂತಾಗುತ್ತದೆ. ಅದೇನದು?

ಆ ಸಾರಿಗೆ ಆಧಾರ ಕೊಂಬು ಎಂಬ ಕಡಲಕಳೆ. ಇಕೆಡ ಸುಮಾರು 12 ಕಿಲೊ ಕೊಂಬುವನ್ನು ಪ್ರಯೋಗಾಲಯದಲ್ಲಿ ಬಸಿದು, ಸೋಸಿ, ಇಂಗಿಸಿದರು. ಕೊನೆಗೆ ಕೈಗೆ ಸಿಕ್ಕಿದ್ದು 30 ಗ್ರಾಂನಷ್ಟು ಹರಳು. ಅದು ಗ್ಲುಟಾಮಿಕ್ ಆಮ್ಲ! 1908ರಲ್ಲಿ ಅವರು ಈ ಐದನೆಯ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಹೊರಗಿನ ವಿಜ್ಞಾನಿಗಳು ಬಹುಕಾಲ ಇದನ್ನು ಒಪ್ಪಲಿಲ್ಲ. ಈ ರುಚಿಯನ್ನು ಹಿಡಿಯುವ ಗ್ರಾಹಕಗಳು ನಾಲಿಗೆಯಲ್ಲಿ ಇವೆಯೆಂದು ಖಚಿತವಾದದ್ದು 2000ದ ನಂತರವೇ.

ಜಪಾನಿನ ಸಾಂಪ್ರದಾಯಿಕ ಊಟಕ್ಕೆ 'ವಾಶೊಕು' ಎಂದು ಹೆಸರು. ಅದರ ಬುನಾದಿ 'ದಾಶಿ' ಎಂಬ ಈ ತಿಳಿನೀರು. ಉತ್ತರದ ಹೊಕ್ಕೈಡೊ ದ್ವೀಪದ ತೀರದಿಂದ ಬರುವ ಒಣ ಕೊಂಬುವನ್ನು ನೀರಿನಲ್ಲಿ ನೆನೆಹಾಕಿ, ಮೆಲ್ಲಗೆ ಕಾಯಿಸಿ, ಕುದಿ ಬರುವ ಮೊದಲೇ ತೆಗೆದುಬಿಡುತ್ತಾರೆ. ಅದಕ್ಕೆ ಕತ್ಸುವೊ ಎಂಬ ಮೀನಿನ ಎಸಳುಗಳನ್ನು ಹಾಕಿ ಸೋಸಿದರೆ ದಾಶಿ ಸಿದ್ಧ. ಕೆಲವೇ ನಿಮಿಷಗಳ ಕೆಲಸ ಎನಿಸಬಹುದು. ಆದರೆ ಆ ಎಸಳಿನ ಹಿಂದೆ ತಿಂಗಳುಗಳ ದುಡಿಮೆ ಇದೆ. ಮೀನನ್ನು ಬೇಯಿಸಿ, ಮುಳ್ಳು ತೆಗೆದು, ಹಲವು ಬಾರಿ ಹೊಗೆಯಲ್ಲಿಟ್ಟು, ಅದರ ಮೇಲೆ ಬೇಕೆಂದೇ ಬೂಷ್ಟು ಬೆಳೆಸಿ, ಬಿಸಿಲಿಗೆ ಒಣಗಿಸುತ್ತಾರೆ. ಬೂಷ್ಟು ಒಳಗಿನ ತೇವವನ್ನು ಹೀರುತ್ತದೆ. ಮೀನು ಕೊನೆಗೆ ಮರದ ತುಂಡಿನಷ್ಟು ಗಟ್ಟಿಯಾಗುತ್ತದೆ. ಬಡಗಿ ಹಲಗೆ ಹೆರೆದಂತೆ ಅದನ್ನು ಹೆರೆಯಬೇಕು.

ಮೀನಿನಲ್ಲಿ ಇರುವುದು ಇನೊಸಿನಿಕ್ ಆಮ್ಲ. ಅದರ ರುಚಿಯನ್ನು 1913ರಲ್ಲಿ ಗುರುತಿಸಿದವರು ಇಕೆಡ ಅವರ ಶಿಷ್ಯ ಶಿಂತಾರೊ ಕೊಡಾಮ. ನಂತರ 1957ರಲ್ಲಿ ಅಕಿರ ಕುನಿನಾಕ ಇನ್ನೊಂದು ಗುಟ್ಟು ಬಿಡಿಸಿದರು. ಕೊಂಬು ಮತ್ತು ಮೀನಿನ ರುಚಿಗಳು ಸೇರಿದಾಗ ಅವು ಕೂಡುವುದಿಲ್ಲ, ಹಲವು ಪಟ್ಟು ಹೆಚ್ಚುತ್ತವೆ! ಒಣ ಶಿಟಾಕೆ ಅಣಬೆಯಲ್ಲಿರುವ ಗ್ವಾನಿಲಿಕ್ ಆಮ್ಲವೂ ಹಾಗೆಯೇ. ಮೀನು ಮುಟ್ಟದ ಬೌದ್ಧ ಮಠಗಳು ಕೊಂಬು ಮತ್ತು ಅಣಬೆಯಿಂದಲೇ ದಾಶಿ ತೆಗೆಯುತ್ತವೆ. ಅಡುಗೆಮನೆಗೆ ಮೊದಲೇ ತಿಳಿದಿದ್ದ ಲೆಕ್ಕ ಪ್ರಯೋಗಾಲಯಕ್ಕೆ ತಡವಾಗಿ ತಿಳಿಯಿತು.

ಎಣ್ಣೆ, ಬೆಣ್ಣೆ ಹೆಚ್ಚಿಲ್ಲದ ವಾಶೊಕು ಸಪ್ಪೆಯಾಗದಿರಲು ದಾಶಿಯೇ ಕಾರಣ. ಅನ್ನ, ಒಂದು ಸಾರು, ಮೂರು ವ್ಯಂಜನ, ಜೊತೆಗೆ ಉಪ್ಪಿನಲ್ಲಿ ಹಾಕಿದ ತರಕಾರಿ: ಇದು ಹಳೆಯ ಕ್ರಮ. ಕೋಜಿ ಎಂಬ ಶಿಲೀಂಧ್ರದ ನೆರವಿನಿಂದ ಸೋಯಾ ಕಾಳನ್ನು ಹುದುಗಿಸಿ ಮಾಡಿದ ಮಿಸೊ ಮತ್ತು ಸೋಯಾ ಸಾಸ್ ರುಚಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹಾಗೆಂದು ಎಲ್ಲವನ್ನೂ ಕಣ್ಣುಮುಚ್ಚಿ ಹೊಗಳಬೇಕಿಲ್ಲ. ಇವುಗಳಲ್ಲಿ ಉಪ್ಪು ಧಾರಾಳ, ರಕ್ತದೊತ್ತಡದವರು ಎಚ್ಚರದಿಂದಿರಬೇಕು.

2013ರ ಡಿಸೆಂಬರಿನಲ್ಲಿ ಅಜರ್‌ಬೈಜಾನಿನ ಬಾಕು ನಗರದಲ್ಲಿ ಸೇರಿದ ಯುನೆಸ್ಕೊ ಸಮಿತಿ ವಾಶೊಕುವನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಶಿಗೆ ಪದಕ ಸಿಕ್ಕಿತೆಂದು ಹಲವರು ತಿಳಿದರು. ಅದು ತಪ್ಪು. ಪಟ್ಟಿಗೆ ಸೇರಿದ್ದು ತಿನಿಸಲ್ಲ, ಹೋಟೆಲಿನ ದುಬಾರಿ ತಟ್ಟೆಯೂ ಅಲ್ಲ. ಮನೆಮಂದಿ ಒಟ್ಟಾಗಿ ಪಾಲಿಸುವ ಊಟದ ಸಂಸ್ಕೃತಿ, ಅದರಲ್ಲೂ ಹೊಸ ವರ್ಷದ ಆಚರಣೆ. ಆ ದಿನದ 'ಒಸೆಚಿ' ಡಬ್ಬಿಯಲ್ಲಿ ಒಂದೊಂದು ತಿನಿಸಿಗೂ ಒಂದು ಹಾರೈಕೆ. ಬೆನ್ನು ಬಾಗಿದ ಸೀಗಡಿ ದೀರ್ಘಾಯುಷ್ಯಕ್ಕೆ, ಮೀನಿನ ಮೊಟ್ಟೆಗಳ ಗೊಂಚಲು ಮಕ್ಕಳ ಭಾಗ್ಯಕ್ಕೆ. ಅಕ್ಕಿಯ ಮೋಚಿ ಹಾಕಿದ ಸಾರು ಊರೂರಿಗೆ ಬೇರೆ: ಟೋಕಿಯೊ ಕಡೆ ಚೌಕ ಮೋಚಿ, ತಿಳಿಸಾರು, ಕ್ಯೋಟೊ ಕಡೆ ದುಂಡು ಮೋಚಿ, ಬಿಳಿ ಮಿಸೊ.

ಇಷ್ಟು ಶ್ರೀಮಂತವಾದ ಸಂಪ್ರದಾಯಕ್ಕೆ ಹೊರಗಿನ ಮನ್ನಣೆ ಏಕೆ ಬೇಕಾಯಿತು? ಮನೆಯೊಳಗೇ ಅದು ಕರಗುತ್ತಿತ್ತು. 1962ರಲ್ಲಿ ಜಪಾನಿನ ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಸುಮಾರು 118 ಕಿಲೊ ಅಕ್ಕಿ ಬೇಕಾಗುತ್ತಿತ್ತು; ಇತ್ತೀಚಿನ ವರ್ಷಗಳಲ್ಲಿ ಅದು 50 ಕಿಲೊದ ಆಸುಪಾಸಿಗೆ ಇಳಿದಿದೆ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಗೋಧಿಹಿಟ್ಟು ಬಂದು, ಶಾಲೆಯ ಊಟದಲ್ಲಿ ಬ್ರೆಡ್ಡು ಬೇರೂರಿತು. ಅಕ್ಕಿಯ ನಾಡಿನ ಶಾಲೆಗಳಲ್ಲಿ ಅನ್ನಕ್ಕೆ ಅಧಿಕೃತವಾಗಿ ಜಾಗ ಸಿಕ್ಕಿದ್ದು 1976ರಲ್ಲಿ! ಹೊಸ ವರ್ಷದ ಒಸೆಚಿಯನ್ನೂ ಈಗ ಎಷ್ಟೋ ಮನೆಗಳು ಅಂಗಡಿಯಿಂದಲೇ ತರಿಸುತ್ತವೆ.

ಇದರಲ್ಲಿ ವಿಜ್ಞಾನದ ಪಾಲೂ ಇದೆ. ಇಕೆಡ ಅವರ ಶೋಧ 1909ರಲ್ಲೇ 'ಅಜಿನೊಮೊಟೊ' ಎಂಬ ಬಿಳಿ ಪುಡಿಯಾಗಿ ಮಾರುಕಟ್ಟೆಗೆ ಬಂತು. ಇದನ್ನು ವಿಷವೆಂದು ಹೆದರುವವರಿದ್ದಾರೆ. ಆದರೆ ಹಣ್ಣಾದ ಟೊಮೆಟೊದಲ್ಲೂ ತಾಯಿಯ ಎದೆಹಾಲಿನಲ್ಲೂ ಇರುವುದು ಇದೇ ಗ್ಲುಟಾಮೇಟ್. ದಾಶಿಯನ್ನು ಗಾಸಿಗೊಳಿಸಿದ್ದು ಪುಡಿಯ ಗುಣವಲ್ಲ, ಅದರ ಸುಲಭ. ಒಂದು ಚಿಟಿಕೆಯಲ್ಲಿ ರುಚಿ ಬರುವಾಗ ಮೀನು ಹೆರೆಯುವವರು ಯಾರು? ಮುಂದೆ ದಾಶಿಯೇ ಪುಡಿಯಾಗಿ ಪೊಟ್ಟಣದಲ್ಲಿ ಬಂತು. ಹೆರೆಯುವ ಪೆಟ್ಟಿಗೆ ಅಟ್ಟ ಸೇರಿತು.

2005ರಲ್ಲಿ ಜಪಾನ್ ಆಹಾರ ಶಿಕ್ಷಣಕ್ಕೆಂದೇ ಒಂದು ಕಾಯಿದೆ ಮಾಡಿತು. ಶಾಲೆಗಳಿಗೆ ಪೋಷಣೆಯ ಶಿಕ್ಷಕರು ಬಂದರು. ಮಕ್ಕಳೇ ಬಿಳಿ ಟೊಪ್ಪಿಗೆ ಹಾಕಿಕೊಂಡು ಗೆಳೆಯರಿಗೆ ಬಡಿಸುವುದು, ಉಣ್ಣುವ ಮೊದಲು ಕೈ ಜೋಡಿಸಿ 'ಇತದಾಕಿಮಾಸು' ಎನ್ನುವುದು ಅಲ್ಲಿ ಹಳೆಯ ರೂಢಿ. ನವೆಂಬರ್ 24 ಈಗ ವಾಶೊಕು ದಿನ. ದಾಶಿಯ ಪಾಠ ನಡೆಯುವ ತರಗತಿಗಳಲ್ಲಿ ಮಕ್ಕಳ ಮುಂದೆ ಬಟ್ಟಲುಗಳನ್ನು ಇಡುತ್ತಾರೆ: ಒಂದರಲ್ಲಿ ಬರೀ ಕೊಂಬುವಿನ ನೀರು, ಇನ್ನೊಂದರಲ್ಲಿ ಬರೀ ಮೀನಿನದು, ಮತ್ತೊಂದರಲ್ಲಿ ಎರಡೂ ಸೇರಿದ್ದು. ಮೊದಲೆರಡಕ್ಕೆ ಮುಖ ಕಿವುಚುವ ಮಗುವೂ ಮೂರನೆಯ ಬಟ್ಟಲನ್ನು ಬರಿದು ಮಾಡಿ ಕೆಳಗಿಡುವುದುಂಟು.