ಒಳ್ಳೆಮೆಣಸಿನ ರಾಣಿಯ ನಾಡಿನಲ್ಲಿ ಒಂದು ದಿನ

ಅರಮನೆ ನೋಡುವ ಆಸೆಯಿಂದ ಗೇರುಸೊಪ್ಪೆಗೆ ಹೊರಟವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಅಲ್ಲಿ ಅರಮನೆ ಇಲ್ಲ. 1623ರಲ್ಲೇ ಇರಲಿಲ್ಲ. ಆ ವರ್ಷ ಇಕ್ಕೇರಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಲ್ಲಿ ದೋಣಿ ಹತ್ತಿ ಶರಾವತಿಯಲ್ಲಿ ಮೇಲಕ್ಕೆ ಸಾಗಿದ. ಹೊಳೆಯ ಚೆಲುವನ್ನು ಬಾಯ್ತುಂಬ ಹೊಗಳಿದ. ಊರಿನ ಬಗ್ಗೆ ಮಾತ್ರ ಅವನು ಬರೆದದ್ದು ಬೇರೆಯೇ. ರಾಜಧಾನಿಯಾಗಿದ್ದ ಊರೂ ಅರಮನೆಯೂ ಹಾಳುಬಿದ್ದು ಮರಗಿಡ ಬೆಳೆದಿವೆ, ಉಳಿದಿರುವುದು ರೈತರ ನಾಲ್ಕು ಗುಡಿಸಲು ಅಷ್ಟೇ ಎಂದ.

ರಾಣಿ ಚೆನ್ನಭೈರಾದೇವಿ ಸೋತು ಆಗಿನ್ನೂ ಇಪ್ಪತ್ತು ವರ್ಷವೂ ಆಗಿರಲಿಲ್ಲ.

1552ರಿಂದ 1606ರವರೆಗೆ, ಅಂದರೆ 54 ವರ್ಷ, ಹಾಡುವಳ್ಳಿ ಮತ್ತು ನಗಿರೆ ಸೀಮೆಯನ್ನು ಆಳಿದ ಜೈನ ರಾಣಿ ಈಕೆ. ಗೇರುಸೊಪ್ಪೆಯ ಹಳೆಯ ಹೆಸರೇ ನಗಿರೆ. ಘಟ್ಟದ ಒಳ್ಳೆಮೆಣಸು ಕಡಲಿಗಿಳಿಯುವ ದಾರಿಗಳೆಲ್ಲ ಅವಳ ಕೈಯಲ್ಲಿದ್ದವು. ಪೋರ್ಚುಗೀಸರು ಅವಳನ್ನು ‘ಮೆಣಸಿನ ರಾಣಿ’ ಎಂದೇ ಕರೆದರು. ವ್ಯಾಪಾರವನ್ನೂ ಮಾಡಿದರು, ಯುದ್ಧವನ್ನೂ ಮಾಡಿದರು. 1569ರಲ್ಲಿ ಹೊನ್ನಾವರದ ಕೋಟೆ ಅವರ ವಶವಾಯಿತು. ರಾಣಿಯ ಆಳ್ವಿಕೆ ಕೊನೆಗೊಂಡದ್ದು ಮಾತ್ರ ಅವರಿಂದಲ್ಲ, ಕೆಳದಿಯ ವೆಂಕಟಪ್ಪ ನಾಯಕನಿಂದ. ಅವಳು ಸೆರೆಯಲ್ಲೇ ತೀರಿಕೊಂಡಳು.

ಅವಳ ನಾಡಿನ ಗುರುತುಗಳು ಇಂದಿನ ಮೂರು ತಾಲ್ಲೂಕುಗಳಲ್ಲಿ ಹಂಚಿಹೋಗಿವೆ: ಭಟ್ಕಳದ ಹಾಡುವಳ್ಳಿ, ಹೊನ್ನಾವರದ ಗೇರುಸೊಪ್ಪೆ, ಕುಮಟಾದ ಮಿರ್ಜಾನು. ಸ್ವಂತ ಗಾಡಿಯಿದ್ದು ಬೆಳಿಗ್ಗೆ ಬೇಗ ಹೊರಟರೆ ಮೂರನ್ನೂ ಒಂದೇ ದಿನದಲ್ಲಿ ನೋಡಬಹುದು. ಒಟ್ಟು ಓಡಾಟ 170 ಕಿ.ಮೀ. ಆಸುಪಾಸು.

ದಿನ ಶುರುವಾಗಬೇಕಾದದ್ದು ಭಟ್ಕಳದಿಂದ. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು ಇದು. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯೂ ಮೂಡಭಟ್ಕಳದ ಕೇತಪೈ ನಾರಾಯಣ ದೇವಾಲಯವೂ ಊರಿನಲ್ಲೇ ಇವೆ. ಕೇತಪೈ ಗುಡಿಯ ಹೊರಗೋಡೆಯಲ್ಲಿ ರಾಮಾಯಣದ ಕಥೆ ಕಲ್ಲಿನಲ್ಲಿ ಸಾಲುಗಟ್ಟಿದೆ. ನಿಧಾನವಾಗಿ ಒಂದು ಸುತ್ತು ಬರಲು ಅರ್ಧ ಗಂಟೆ ಬೇಕು.

ಅಲ್ಲಿಂದ ಒಳನಾಡಿನ ಕಡೆ ತಿರುಗಿ ತೋಟ, ಗದ್ದೆ, ಕಾಡು ದಾಟಿದರೆ ಹಾಡುವಳ್ಳಿ. ಶಾಸನಗಳಲ್ಲಿ ಇದು ಸಂಗೀತಪುರ. ಹಾಡು ಸಂಗೀತವಾಯಿತು, ಹಳ್ಳಿ ಪುರವಾಯಿತು! ಸಾಳುವ ಅರಸರ ರಾಜಧಾನಿಯಾಗಿದ್ದ ಈ ಊರಿಗೆ ಕನ್ನಡಿಗರು ನೆನೆಯಬೇಕಾದ ಇನ್ನೊಂದು ನಂಟಿದೆ. 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರಗಳ ವ್ಯಾಕರಣ ‘ಕರ್ಣಾಟಕ ಶಬ್ದಾನುಶಾಸನ’ ಬರೆದ ಭಟ್ಟಾಕಳಂಕ ಇಲ್ಲಿನ ಜೈನ ಮಠದ ಶಿಷ್ಯಪರಂಪರೆಯವನು. ಈಗ ಹಾಡುವಳ್ಳಿ ಅಡಿಕೆ ತೋಟಗಳ ನಡುವಿನ ಸಣ್ಣ ಊರು. ಇಪ್ಪತ್ನಾಲ್ಕು ತೀರ್ಥಂಕರರ ಬಸದಿಯನ್ನು ನೋಡಿಕೊಂಡು, ಬಿಸಿಲೇರುವ ಮೊದಲೇ ಚಂದ್ರಗಿರಿ ಗುಡ್ಡ ಹತ್ತಿಬಿಡಬೇಕು. ರಾಜಧಾನಿಗೆ ಈ ಜಾಗವನ್ನೇ ಏಕೆ ಆರಿಸಿಕೊಂಡರು ಎಂಬುದು ಮೇಲೆ ನಿಂತಾಗ ತಾನಾಗಿ ಹೊಳೆಯುತ್ತದೆ: ಬೆನ್ನಿಗೆ ಘಟ್ಟ, ಮುಂದೆ ಬಂದರಿಗಿಳಿಯುವ ಕಣಿವೆ.

ಹೊನ್ನಾವರ ದಾಟುವಾಗ ಶರಾವತಿ ಸೇತುವೆಯ ಮೇಲೆ ಒಂದು ವಿಷಯ ನೆನಪಿಗೆ ಬರಲಿ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಊರಿನಲ್ಲಿ ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ.

ಸಾಗರದ ರಸ್ತೆಯಲ್ಲಿ ಹೊಳೆಯ ಜೊತೆಜೊತೆಗೆ ಸುಮಾರು 30 ಕಿ.ಮೀ. ಸಾಗಿದರೆ ಗೇರುಸೊಪ್ಪೆ. ಹೆಚ್ಚಿನ ವಾಹನಗಳು ಇಲ್ಲಿ ನಿಲ್ಲದೆ ಜೋಗಕ್ಕೆ ಘಟ್ಟ ಹತ್ತುತ್ತವೆ. ರಾಣಿಯ ಊರು ಇರುವುದು ಹೊಳೆಯಾಚೆ, ನಗರಬಸ್ತಿಕೇರಿಯಲ್ಲಿ. ಸೇತುವೆ ದಾಟಿ ಒಳಹೊಕ್ಕರೆ ರಸ್ತೆ ಸಣ್ಣದಾಗುತ್ತದೆ, ಕಾಡು ಹತ್ತಿರವಾಗುತ್ತದೆ. ಕೊನೆಯ ಕಾಲುದಾರಿಯ ತುದಿಗೆ ಮರಗಳ ನಡುವೆ ಇದ್ದಕ್ಕಿದ್ದಂತೆ ಚತುರ್ಮುಖ ಬಸದಿ ಎದುರಾಗುತ್ತದೆ.

ಪೂರ್ತಿ ಕಲ್ಲಿನ ಕಟ್ಟಡ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಗರ್ಭಗುಡಿಯಲ್ಲಿ ನಾಲ್ಕು ದಿಕ್ಕಿಗೂ ಮುಖಮಾಡಿದ ತೀರ್ಥಂಕರರು. ಯಾವ ಕಡೆಯಿಂದ ಬಂದರೂ ಎದುರಿನಿಂದಲೇ ದರ್ಶನ. 1586ರಲ್ಲಿ ಕಾರ್ಕಳದ ಗುಡ್ಡದ ಮೇಲೆ ಕಟ್ಟಿದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ವಿನ್ಯಾಸ ಪರಿಚಿತವೆನ್ನಿಸೀತು. ಆದರೆ ಅಲ್ಲಿ ಬಸದಿಯ ಸುತ್ತ ಊರಿದೆ, ಇಲ್ಲಿ ಕಾಡು. ಹತ್ತಿರದ ಜ್ವಾಲಾಮಾಲಿನಿ ಬಸದಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಉಳಿದ ಬಸದಿಗಳಲ್ಲಿ ಕೆಲವು ಗೋಡೆಯಾಗಿ, ಕೆಲವು ತಳಪಾಯವಾಗಿ ಉಳಿದಿವೆ. ಎರಡು ಗಂಟೆಯನ್ನಾದರೂ ಇಲ್ಲಿಗೆ ಮೀಸಲಿಡಬೇಕು. ಕುಡಿಯುವ ನೀರು ಜೊತೆಗಿರಲಿ, ಮಳೆಗಾಲದಲ್ಲಾದರೆ ಉಂಬಳಕ್ಕೆ ಉಪ್ಪು.

ಊಟಕ್ಕೆ ಹೊನ್ನಾವರಕ್ಕೆ ಮರಳುವುದೇ ಅನುಕೂಲ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು ಸಿಗುವ ಖಾನಾವಳಿಗಳಿಗೆ ಪೇಟೆಯಲ್ಲಿ ಕೊರತೆಯಿಲ್ಲ. ಅಲ್ಲಿಂದ ಹೆದ್ದಾರಿ ಹಿಡಿದು ಕುಮಟಾ ದಾಟಿ 10 ಕಿ.ಮೀ. ಹೋದರೆ ಮಿರ್ಜಾನು. ಬೇಸಿಗೆಯಾಗಿದ್ದರೆ ಕುಮಟಾದ ಬಳಿ ರಸ್ತೆ ಬದಿಯಲ್ಲಿ ಗೊಂಚಲುಕಟ್ಟಿ ತೂಗುಹಾಕಿದ ಸಿಹಿ ಈರುಳ್ಳಿ ಗಾಡಿಯನ್ನು ನಿಲ್ಲಿಸದೆ ಬಿಡುವುದಿಲ್ಲ.

ಅಘನಾಶಿನಿಯ ಹತ್ತಿರ ಹತ್ತು ಎಕರೆಯಷ್ಟು ಹರಡಿರುವ ಮಿರ್ಜಾನು ಕೋಟೆ ಕಟ್ಟಿದ್ದು ಚೆನ್ನಭೈರಾದೇವಿಯೇ ಎಂಬುದು ಇಲ್ಲಿನವರ ಮಾತು. ಕೆಂಪು ಚಿರೇಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಮೆಟ್ಟಿಲಿಳಿದು ನೋಡಬಹುದಾದ ಬಾವಿಗಳು, ಗುಪ್ತ ದಾರಿಗಳು. ಪುರಾತತ್ವ ಇಲಾಖೆ ಇಲ್ಲಿ ನಡೆಸಿದ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರು, ಕಬ್ಬಿಣದ ಗುಂಡು, ಪೋರ್ಚುಗೀಸ್ ಗೋವೆಯ ಚಿನ್ನದ ನಾಣ್ಯ ಸಿಕ್ಕಿವೆ. ಮಳೆ ನಿಂತ ಹೊಸತರಲ್ಲಿ ಗೋಡೆಗಳೆಲ್ಲ ಹಸಿರು ಪಾಚಿ ಹೊದ್ದಿರುತ್ತವೆ. ಫೋಟೊ ತೆಗೆಯುವವರ ನೂಕುನುಗ್ಗಲೂ ಆಗಲೇ. ಪಾಚಿ ಜಾರುತ್ತದೆ, ಗೋಡೆ ಹತ್ತುವ ಸಾಹಸ ಬೇಡ.

ಆ ನಾಣ್ಯ ಇನ್ನೊಂದು ಊರನ್ನು ನೆನಪಿಸುತ್ತದೆ. ಲಿಸ್ಬನ್‌ಗೆ ಹೋದ ಪ್ರವಾಸಿಗರು ಒಂದು ದಿನ ಮಿಗಿಸಿ ರೈಲು ಹತ್ತಿ ಸಿಂತ್ರಾಕ್ಕೆ ಹೋಗುತ್ತಾರೆ. ಗುಡ್ಡದ ಮೇಲಿನ ಅರಮನೆಗಳ ಊರು ಅದು. 1995ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅಲ್ಲಿನ ಹಳೆಯ ಅರಮನೆಯನ್ನು ದೊಡ್ಡದು ಮಾಡಿದ್ದು ವಾಸ್ಕೋ ಡ ಗಾಮಾನನ್ನು ಇತ್ತ ಕಳಿಸಿದ ದೊರೆ ಒಂದನೇ ಮನುವೆಲ್. ಅವನ ಬೊಕ್ಕಸ ತುಂಬಿದ್ದು ಮೆಣಸಿನ ವ್ಯಾಪಾರದಿಂದ. ಮೆಣಸು ಕೊಂಡವರ ಅರಮನೆ ನಿಂತಿದೆ, ಟಿಕೆಟ್ಟಿಗೆ ಸಾಲಿದೆ. ಮೆಣಸು ಮಾರಿದವಳ ಊರಿಗೆ ಬಸ್ಸಿನಿಂದಿಳಿದು ದಾರಿ ಕೇಳಬೇಕಾಗಿದೆ.

ಪರಿಸ್ಥಿತಿ ನಿಧಾನವಾಗಿ ಬದಲಾಗುತ್ತಿದೆ. ಗಜಾನನ ಶರ್ಮರ ಕಾದಂಬರಿ ಚೆನ್ನಭೈರಾದೇವಿಯನ್ನು ಕನ್ನಡದ ಓದುಗರ ಮನೆಗೆ ತಂದಿತು. 2025ರಲ್ಲಿ ಅವಳ ಹೆಸರಿನ ಅಂಚೆಚೀಟಿಯೂ ಬಂತು.

ಹೊರಡಲು ಒಳ್ಳೆಯ ಕಾಲ ಅಕ್ಟೋಬರಿನಿಂದ ಫೆಬ್ರುವರಿ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಊರಿಗೆ ಕೊಂಕಣ ರೈಲು ಇದೆ, ಅಲ್ಲಿಂದ ಬಾಡಿಗೆ ಕಾರು ಮಾಡಿಕೊಳ್ಳಬಹುದು. ಸಮಯ ಸಾಲದೆ ಒಂದನ್ನು ಬಿಡಬೇಕಾಗಿ ಬಂದರೆ ಮಿರ್ಜಾನನ್ನು ಬಿಡಿ; ಅದು ಹೆದ್ದಾರಿಯ ಪಕ್ಕದಲ್ಲೇ ಇದೆ, ಗೋಕರ್ಣಕ್ಕೆ ಹೋಗುವಾಗ ಇನ್ನೊಮ್ಮೆ ಸಿಗುತ್ತದೆ. ಗೇರುಸೊಪ್ಪೆಯನ್ನು ಬಿಡಬೇಡಿ. ಮಧ್ಯಾಹ್ನದೊಳಗೇ ಅಲ್ಲಿರುವಂತೆ ನೋಡಿಕೊಳ್ಳಿ, ಕಾಡಿನ ದಾರಿಯಲ್ಲಿ ಬೇಗ ಕತ್ತಲಾಗುತ್ತದೆ.