ವಿಸಾ ಜೊತೆ ಬಂದ ವಿಮೆ ಉಮ್ಮನ ಸಕ್ಕರೆ ಕಾಯಿಲೆಗೆ ಆಗುತ್ತಾ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಮನೆಗಳಿಂದ ಈಗ ಗಲ್ಫ್‌ಗೆ ಹೋಗುವವರು ದುಡಿಯುವ ಮಕ್ಕಳು ಮಾತ್ರ ಅಲ್ಲ. ಮಗನಿಗೆ ರಿಯಾದ್‌ನಲ್ಲೋ ದುಬೈಯಲ್ಲೋ ಫ್ಯಾಮಿಲಿ ಇಡುವಷ್ಟು ಸಂಬಳ ಆಯಿತು ಅಂದರೆ ಮೊದಲು ಹೆಂಡತಿ ಮಕ್ಕಳು, ಆಮೇಲೆ ಉಮ್ಮ, ಬಾಪ. ಹೋದವರು ಒಂದು ತಿಂಗಳಲ್ಲಿ ವಾಪಸ್ ಬರುವುದೂ ಕಡಿಮೆ. ಸೊಸೆಯ ಬಾಣಂತನ, ಮೊಮ್ಮಕ್ಕಳು, ಉಮ್ರಾ ಅಂತ ವಿಸಾ ಮುಂದುವರಿಸುತ್ತಾ ವರ್ಷವೇ ಕಳೆದುಬಿಡುತ್ತದೆ. ಹೊರಡುವಾಗ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಸೋರದ ಹಾಗೆ ನಾಲ್ಕು ಸುತ್ತು ಪ್ಲಾಸ್ಟಿಕ್ ಸುತ್ತುತ್ತೇವೆ. ಆಸ್ಪತ್ರೆ ಖರ್ಚಿನ ವಿಷಯ ಕೇಳಿದರೆ ಮಾತ್ರ, "ವಿಸಾದಲ್ಲೇ ಇನ್ಶೂರೆನ್ಸ್ ಬಂದಿದೆಯಲ್ಲ ಉಸ್ತಾದ್" ಅನ್ನುವ ಉತ್ತರ.

ಬಂದಿದೆ, ನಿಜ. ಯಾವುದಕ್ಕೆ ಬಂದಿದೆ ಅಂತ ನೋಡಿದವರು ಕಡಿಮೆ.

ಸೌದಿ ವಿಸಿಟ್ ವಿಸಾಕ್ಕೆ ಸೇರಿಕೊಂಡು ಬರುವ ವಿಮೆ ಒಂದು ಲಕ್ಷ ರಿಯಾಲ್‌ವರೆಗಿನದು. ಕೇಳಲು ದೊಡ್ಡ ಮೊತ್ತ. ಆದರೆ ಅದು ತುರ್ತು ಚಿಕಿತ್ಸೆಗೆ. ಕತಾರ್‌ನಲ್ಲಿ 2023ರ ಫೆಬ್ರವರಿಯಿಂದ ವಿಸಿಟಿಗೆ ಬರುವವರಿಗೆ ತಿಂಗಳಿಗೆ 50 ರಿಯಾಲ್‌ನ ವಿಮೆ ಕಡ್ಡಾಯ, ಅದೂ ತುರ್ತು ಮತ್ತು ಅಪಘಾತಕ್ಕೆ. ಎದೆನೋವು ಬಂದು ಆಂಬುಲೆನ್ಸ್‌ನಲ್ಲಿ ಹೋದರೆ ತುರ್ತು. ತಿಂಗಳ ಸಕ್ಕರೆ ಮಾತ್ರೆ, ಬಿಪಿ ಚೆಕಪ್, ಮೊಣಕಾಲು ನೋವು, ಕಣ್ಣಿನ ಪೊರೆ ತುರ್ತು ಅಲ್ಲ. ಅರವತ್ತು ದಾಟಿದ ಉಮ್ಮನಿಗೆ ವರ್ಷವಿಡೀ ಬೇಕಾಗುವುದು ಈ ಎರಡನೇ ಸಾಲಿನದ್ದೇ.

ಮಗನ ಕಂಪನಿ ಕಾರ್ಡ್ ಇದೆ ಅನ್ನುವವರಿದ್ದಾರೆ. ಸೌದಿಯಲ್ಲಿ ಖಾಸಗಿ ಕಂಪನಿ ತನ್ನ ಕೆಲಸಗಾರನಿಗೂ ಅವನ ಜೊತೆ ಇಕಾಮದಲ್ಲಿರುವ ಹೆಂಡತಿ ಮಕ್ಕಳಿಗೂ ವಿಮೆ ಮಾಡಿಸಬೇಕು. ದುಬೈಯಲ್ಲಿ 2013ರ ಕಾನೂನು ಪ್ರಕಾರ ಕೆಲಸಗಾರನದ್ದು ಕಂಪನಿ ಜವಾಬ್ದಾರಿ, ಹೆಂಡತಿ ಮಕ್ಕಳದ್ದು ಅವರನ್ನು ಕರೆಸಿಕೊಂಡವನದ್ದು. ಶಾರ್ಜಾ, ಅಜ್ಮಾನ್, ಉಮ್ಮುಲ್ ಖುವೈನ್, ರಾಸಲ್ ಖೈಮಾ, ಫುಜೈರಾಗಳಲ್ಲಿ ಖಾಸಗಿ ಕಂಪನಿಯವರಿಗೆ, ಮನೆಕೆಲಸದವರಿಗೆ ಇದು ಕಡ್ಡಾಯವಾದದ್ದು 2025ರ ಜನವರಿ 1ರಿಂದ. ವರ್ಷಕ್ಕೆ 320 ದಿರ್ಹಮ್‌ನಿಂದ ಶುರು. ವಿಸಿಟ್ ಮೇಲೆ ಬಂದ ಉಮ್ಮ, ಬಾಪ ಈ ಕಾರ್ಡಿನೊಳಗೆ ತನ್ನಷ್ಟಕ್ಕೆ ಸೇರುವುದಿಲ್ಲ.

ಮದ್ರಸದವರ ಹತ್ತಿರ ಜನ ಪಾಲಿಸಿ ಕಾಗದ ತರುವುದು ಅದು ಅರಬಿಯಲ್ಲಿದೆ ಅಂತ. ಕಿತಾಬಿನ ಅರಬಿಯೇ ಬೇರೆ, ವಿಮಾ ಕಂಪನಿಯ ಅರಬಿಯೇ ಬೇರೆ ಮಾರಾಯ್ರೆ! ಆದರೂ ಕೆಲವು ಪದ ಗುರುತಿಟ್ಟುಕೊಂಡರೆ ಅರ್ಧ ಕೆಲಸ ಆಯಿತು. 'ತಅಮೀನ್ ತಿಬ್ಬಿ' ಅಂದರೆ ವೈದ್ಯಕೀಯ ವಿಮೆ. 'ಹಾಲಾತ್ ತಾರಿಅ' ಅಂತ ಇದ್ದರೆ ತುರ್ತು ಸಂದರ್ಭ. 'ಅಮ್ರಾಳ್ ಮುಝ್ಮಿನ' ಅಂದರೆ ಸಕ್ಕರೆ, ಬಿಪಿಯಂತೆ ಬಿಡದೆ ಕಾಡುವ ಕಾಯಿಲೆ. 'ತಹಮ್ಮುಲ್' ಅಂದರೆ ಪ್ರತಿ ಬಿಲ್ಲಿನಲ್ಲಿ ನಾವು ಕೈಯಿಂದ ಕೊಡಬೇಕಾದ ಪಾಲು. ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು 'ಇಸ್ತಿಸ್ನಾಆತ್'. ನಹ್ವ್ ಓದಿದವರಿಗೆ 'ಇಲ್ಲಾ', 'ಗೈರ್' ಪಾಠ ನೆನಪಾಗಬಹುದು. ಇಲ್ಲಿ ಅದರ ಅರ್ಥ, ಕೆಳಗಿನವಕ್ಕೆ ನಾವು ಹಣ ಕೊಡುವುದಿಲ್ಲ ಅಂತ. ಮುಝ್ಮಿನ ಅನ್ನುವುದು ಆ ಪಟ್ಟಿಯೊಳಗೆ ಕಂಡರೆ ಉಮ್ಮನ ಮಾತ್ರೆಯ ಖರ್ಚು ಮಗನ ಕಿಸೆಯಿಂದಲೇ.

ಊರಿನಿಂದಲೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿಕೊಂಡು ಹೋಗಬಹುದು, ವಿಮಾನ ಹತ್ತುವ ಮೊದಲು. ಇದರಲ್ಲಿ ದಿನದ ಲೆಕ್ಕ ನೋಡಬೇಕು. ನಮ್ಮ ದೇಶದ ಪಾಲಿಸಿಗಳು ಸಾಮಾನ್ಯವಾಗಿ ಒಂದು ಪ್ರಯಾಣಕ್ಕೆ 180 ದಿನದವರೆಗೆ. ಮುಂದುವರಿಸಲು ಬಿಡುವ ಪಾಲಿಸಿಯಾದರೆ ದಿನ ಮುಗಿಯುವ ಮೊದಲೇ ಕೇಳಬೇಕು. ವರ್ಷದ ಮಲ್ಟಿ ಟ್ರಿಪ್ ಪಾಲಿಸಿ ಅಂತ ಮಾರುತ್ತಾರಲ್ಲ, ಅದು ವರ್ಷಪೂರ್ತಿ ಅಲ್ಲೇ ಕೂರುವವರಿಗಲ್ಲ. ಪದೇ ಪದೇ ಹೋಗಿ ಬರುವವರಿಗೆ. ಒಂದು ಸಲ ಹೋದರೆ 30, 45, 60 ದಿನ ಅಂತ ಮಿತಿ ಹಾಕಿರುತ್ತಾರೆ. ಫಾರ್ಮ್ ತುಂಬುವಾಗ ಸಕ್ಕರೆ ಕಾಯಿಲೆ ಇದೆ ಅಂತ ಬರೆದರೆ ಪ್ರೀಮಿಯಂ ಜಾಸ್ತಿ ಆಗಬಹುದು. ಮುಚ್ಚಿಟ್ಟರೆ ಕ್ಲೈಮಿನ ದಿನ ಹಳೇ ಚೀಟಿ ನೋಡಿ ಹಣ ಇಲ್ಲ ಅನ್ನುತ್ತಾರೆ. ಸುಳ್ಳು ಬರೆಸಿ ಪಾಸ್ ಮಾಡಿಸುವ ಏಜೆಂಟ್ ಆ ದಿನ ಫೋನ್ ಎತ್ತುವುದಿಲ್ಲ.

ಮಾತ್ರೆ ಕಟ್ಟಿಕೊಂಡು ಹೋಗುವವರು ಡಾಕ್ಟರ ಚೀಟಿ ಜೊತೆಗಿಡಿ. ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ ಅಲ್ಲಿ ನಿಯಂತ್ರಣದಲ್ಲಿರುವ ಔಷಧಿ, ಅನುಮತಿ ಇಲ್ಲದೆ ಒಯ್ದರೆ ಕೇಸ್ ಆಗುತ್ತದೆ.

ವಿಮೆ ಹರಾಮಲ್ವಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. 1985ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಖ್ಹ್ ಅಕಾಡೆಮಿ ವ್ಯಾಪಾರಿ ವಿಮೆಯನ್ನು ಒಪ್ಪಲಿಲ್ಲ, ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿತು. ಸೌದಿಯ ಆರೋಗ್ಯ ವಿಮೆ ಕಾನೂನಿನ ಹೆಸರಿನಲ್ಲೇ ಸಹಕಾರಿ ಅಂತ ಇದೆ. ವಿಸಾಕ್ಕೆ ಕಡ್ಡಾಯ ಆದದ್ದು ನಮ್ಮ ಆಯ್ಕೆಯಲ್ಲಿಲ್ಲ. ಊರಿನಲ್ಲಿ ನಾವಾಗಿ ಮಾಡಿಸುವುದರ ಬಗ್ಗೆ ಮನಸ್ಸಿಗೆ ಅಳುಕಿದ್ದರೆ ಖತೀಬರನ್ನು ಕೇಳಿಕೊಳ್ಳಿ, ಕೇಳದೆ ಹಾಗೇ ಬಿಟ್ಟು ಹೊರಡಬೇಡಿ.

ಕೆಲಸಕ್ಕೆ ಹೋಗುವ ಹುಡುಗರದ್ದು ಬೇರೆ ಲೆಕ್ಕ. ಎಸ್ಸೆಸ್ಸೆಲ್ಸಿ ಪಾಸಾಗದ, ಇಸಿಆರ್ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ, ಆಸ್ಪತ್ರೆಗೆ ಸೇರಿದರೆ ಒಟ್ಟು ಒಂದು ಲಕ್ಷದವರೆಗೆ. ಹಾರ್ಟ್ ಅಟ್ಯಾಕ್‌ನಿಂದ ತೀರಿಕೊಂಡರೆ ಅದು ಅಪಘಾತ ಅಲ್ಲ. ವಿಸಿಟ್ ವಿಸಾದಲ್ಲಿ ಹೋಗಿ ಕೆಲಸ ಹುಡುಕುವವನಿಗೆ ಇದೂ ಇಲ್ಲ, ಕಂಪನಿ ಕಾರ್ಡೂ ಇಲ್ಲ.

ಊರಿನ ಪಾಲಿಸಿಯ ಮಾತು ಉಳಿಯಿತು. ವರ್ಷ ಊರಲ್ಲಿ ಇರುವುದಿಲ್ಲ, ಸುಮ್ಮನೆ ಯಾಕೆ ಕಟ್ಟುವುದು ಅಂತ ನಿಲ್ಲಿಸುವವರು ಜಾಸ್ತಿ. ಮೊದಲೇ ಇದ್ದ ಕಾಯಿಲೆಗೆ ಕಂಪನಿಗಳು 36 ತಿಂಗಳವರೆಗೂ ಕಾಯಿಸಬಹುದು. ಪಾಲಿಸಿ ತುಂಡಾದರೆ ಈವರೆಗೆ ಕಾದದ್ದೆಲ್ಲ ನೀರುಪಾಲು, ಮತ್ತೆ ಒಂದರಿಂದ ಎಣಿಸಬೇಕು. ಬಿಪಿಎಲ್ ಮನೆಯವರ 5 ಲಕ್ಷದ ಆಯುಷ್ಮಾನ್ ಕಾರ್ಡ್ ಹೊರದೇಶದಲ್ಲಿ ನಡೆಯುವುದಿಲ್ಲ. ಅಲ್ಲಿ ಕಾಯಿಲೆ ಜೋರಾದರೆ ಕೊನೆಗೆ ಕರೆತರುವುದು ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ. ಆಗ ಕೈಹಿಡಿಯುವುದು ಊರಿನ ಪಾಲಿಸಿಯೇ. ಕಂತು ಕಟ್ಟುವ ನೆನಪಿನ ಮೆಸೇಜ್ ಬರುವುದು ಊರಿನ ಸಿಮ್‌ಗೆ, ಅದು ಗಲ್ಫ್‌ನಲ್ಲಿ ಆಫ್ ಆಗಿರುತ್ತದೆ. ಕಟ್ಟುವ ದಿನಾಂಕವನ್ನು ಊರಲ್ಲಿ ಉಳಿಯುವ ಅಳಿಯನಿಗೋ ತಮ್ಮನಿಗೋ ಬರೆದುಕೊಟ್ಟು ಹೊರಡಿ.